ನಗು ಯಾರ ಮೇಲೆ?

ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಬೆಳೆದವರು ನಾಟಕವನ್ನು ಪಠ್ಯಪುಸ್ತಕದಲ್ಲಿ ಓದಿ ತಿಳಿಯಬೇಕಿಲ್ಲ. ಎರೆಹೊಲದ ಬಿಳಿಜೋಳ, ಕಡಲೆ ಮನೆ ಸೇರಿದ ಮೇಲೆ ಊರೂರಿನ ಜಾತ್ರೆಗಳು ಬರುತ್ತವೆ. ಜಾತ್ರೆಗೆ ತೇರು ಎಷ್ಟು ಮುಖ್ಯವೋ ರಾತ್ರಿಯ ನಾಟಕವೂ ಅಷ್ಟೇ ಮುಖ್ಯ. ತೇರಿನ ಮಾತು ಎರಡು ದಿನಕ್ಕೆ ಮುಗಿದೀತು. ಖಳನಾಯಕನ ಪಾತ್ರ ಹಾಕಿದ ಹುಡುಗ ಮಾತು ಮರೆತು ನಿಂತದ್ದು ಮಾತ್ರ ಮುಂದಿನ ಜಾತ್ರೆಯವರೆಗೂ ಗುಡಿಯ ಕಟ್ಟೆಯ ಮೇಲೆ ಚರ್ಚೆಯಾಗುತ್ತಲೇ ಇರುತ್ತದೆ.

ಇಷ್ಟು ಪ್ರೀತಿಯ ಈ ಮನರಂಜನೆಯ ಬಗ್ಗೆ ನಮ್ಮಲ್ಲಿ ಎರಡು ತೀರ್ಪುಗಳು ಸದಾ ಸಿದ್ಧವಾಗಿರುತ್ತವೆ. ಒಂದು, ‘ನಾಟಕ ಪೂರಾ ಕೆಟ್ಟು ಹೋಗ್ಯಾವ, ಹೆಣ್ಮಕ್ಕಳನ್ನ ಕರಕೊಂಡು ಹೋಗೂ ಹಂಗಿಲ್ಲ’ ಎಂಬುದು. ಮಠದ ಹಿರಿಯರೂ ಮಸೀದಿಯ ಹಿರಿಯರೂ ಒಂದೇ ದನಿಯಲ್ಲಿ ಹೇಳುವ ಕೆಲವೇ ಮಾತುಗಳಲ್ಲಿ ಇದೂ ಒಂದು. ಇನ್ನೊಂದು, ‘ನಾಕು ತಾಸು ನಕ್ಕು ಬರೂದು, ಅದರಾಗೇನ್ ನೀತಿ ಹುಡುಕ್ತೀರಿ ಬಿಡ್ರಿ’ ಎಂಬುದು. ಇದನ್ನು ಹೇಳುವವರು ಸಾಮಾನ್ಯವಾಗಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ನಮಗೆ ಈ ಎರಡು ತೀರ್ಪುಗಳೂ ಒಪ್ಪಿಗೆಯಾಗುವುದಿಲ್ಲ. ಮೊದಲನೆಯವರು ಕಿವಿಗೆ ಬಿದ್ದ ಶಬ್ದಗಳನ್ನಷ್ಟೇ ಎಣಿಸುತ್ತಾರೆ. ಎರಡನೆಯವರು ಏನನ್ನೂ ಎಣಿಸುವುದಿಲ್ಲ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಾವು ನಗುವಾಗ ಆ ನಗು ಯಾರ ಮೇಲೆ ಬೀಳುತ್ತದೆ?

ಈ ಪ್ರಶ್ನೆಗೆ ಬರುವ ಮುನ್ನ ನಮ್ಮ ಸೀಮೆಯ ನಾಟಕಗಳ ಬಗೆಯನ್ನು ಸ್ವಲ್ಪ ನೋಡಬೇಕು. ಇವುಗಳಲ್ಲಿ ಎರಡು ತರ. ಮೊದಲನೆಯದು ಕಂಪನಿ ನಾಟಕ. ಇದರ ದೊಡ್ಡ ಸಂತೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಹೆಚ್ಚುಕಡಿಮೆ ಒಂದು ತಿಂಗಳು ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಬಿಡಾರ ಹೂಡುತ್ತವೆ. ತಗಡಿನ ಥಿಯೇಟರು, ಬಣ್ಣದ ಬೋರ್ಡು, ಮೈಕಿನಲ್ಲಿ ಒಂದರ ಮೇಲೊಂದು ಕೂಗು. ಒಂದು ಆಟ ಮುಗಿಯುವುದರೊಳಗೆ ಮುಂದಿನ ಆಟದ ಗಂಟೆ ಬಾರಿಸುತ್ತದೆ; ಬೆಳತನಕ ಹೀಗೆಯೇ. ನಮ್ಮ ಮೂರೂ ತಾಲೂಕುಗಳ ಜನ ಹಿಂದೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು, ಈಗ ಟಂಟಂ, ಟ್ರ್ಯಾಕ್ಟರ್, ಬಸ್ಸಿನಲ್ಲಿ ಹೋಗುತ್ತಾರೆ.

ಎರಡನೆಯದು ಹಳ್ಳಿಯ ಹುಡುಗರೇ ಸೇರಿ ಆಡುವ ಸಾಮಾಜಿಕ ನಾಟಕ. ಪೇಟಿ ಮಾಸ್ತರರೊಬ್ಬರನ್ನು ಗೊತ್ತು ಮಾಡುತ್ತಾರೆ. ತಿಂಗಳುಗಟ್ಟಲೆ ಶಾಲೆಯ ಕೋಣೆಯಲ್ಲೋ ಗುಡಿಯ ಪೌಳಿಯಲ್ಲೋ ತಾಲೀಮು ನಡೆಯುತ್ತದೆ. ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀ ಪಾತ್ರಗಳಿಗೆ ಗದಗ, ಇಳಕಲ್ಲ, ಹುಬ್ಬಳ್ಳಿ ಕಡೆಯಿಂದ ನಟಿಯರು ಬರುತ್ತಾರೆ. ಹಗಲೆಲ್ಲ ಕುಂಟೆ ಹೊಡೆದವನು, ಗಜೇಂದ್ರಗಡದಂಥ ಊರಲ್ಲಾದರೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವನು, ರಾತ್ರಿ ಸಾಹುಕಾರನೋ ಇನ್‌ಸ್ಪೆಕ್ಟರೋ ಆಗುತ್ತಾನೆ. ತನ್ನ ಪಾತ್ರಕ್ಕಾಗಿ ತಾನೇ ಚಂದಾ ಕೊಡುತ್ತಾನೆ. ದುಡ್ಡು ಕೊಟ್ಟು ಬಣ್ಣ ಹಚ್ಚಿಕೊಳ್ಳುವ ಇಂಥ ಹುಚ್ಚನ್ನು ಕೇವಲ ಕಾಲಹರಣವೆನ್ನಲಾಗದು. ಇದರಲ್ಲಿ ಮರ್ಯಾದೆಯ ಹಸಿವೂ ಇದೆ, ಒಂದು ರಾತ್ರಿಯ ಮಟ್ಟಿಗಾದರೂ ಬೇರೊಬ್ಬನ ಬದುಕನ್ನು ಬದುಕಿ ನೋಡುವ ಆಸೆಯೂ ಇದೆ.

ಈಗ ದೂರಿನ ಮಾತಿಗೆ ಬರೋಣ. ದೂರು ಇರುವುದು ದ್ವಂದ್ವಾರ್ಥದ ಸಂಭಾಷಣೆಯ ಮೇಲೆ. ಕಂಪನಿ ನಾಟಕದಲ್ಲಿ ಹಾಸ್ಯದ ಜೋಡಿಯೊಂದು ಇರಲೇಬೇಕು. ಮೂಲ ಕತೆಗೂ ಇವರಿಗೂ ಸಂಬಂಧ ಅಷ್ಟಕ್ಕಷ್ಟೆ. ತಾಯಿ ಮಗನನ್ನು ಕಳೆದುಕೊಂಡು ಅಳುವ ದೃಶ್ಯದ ಬೆನ್ನಿಗೇ ಇವರು ಬರುತ್ತಾರೆ. ಸೊಪ್ಪು, ಬದನೆಕಾಯಿ, ಹಾಲು, ಹಾಸಿಗೆ, ಯಾವ ಮಾತು ತೆಗೆದರೂ ಅದಕ್ಕೊಂದು ಹಿಂಬಾಗಿಲು ಇರುತ್ತದೆ. ನಾಟಕದ ಹೆಸರೇ ಹಾಗಿರುವುದೂ ಉಂಟು. ಗೋಡೆಗೆ ಹಚ್ಚಿದ ಪೋಸ್ಟರನ್ನು ಮಕ್ಕಳು ಜೋರಾಗಿ ಓದಿದಾಗ ಜೊತೆಗಿದ್ದ ದೊಡ್ಡವರು ಮಾತು ತಿರುಗಿಸಬೇಕಾಗುತ್ತದೆ.

ಕಂಪನಿಯವರನ್ನು ಕೇಳಿದರೆ ಅವರ ಉತ್ತರ ನೇರವಾಗಿದೆ. ಪಕ್ಕದ ಥಿಯೇಟರಿನಲ್ಲಿ ಅಂಥ ಮಾತಿದ್ದು ತಮ್ಮಲ್ಲಿ ಇಲ್ಲದಿದ್ದರೆ ಖುರ್ಚಿ ಖಾಲಿ ಉಳಿಯುತ್ತವೆ. ಖುರ್ಚಿ ಖಾಲಿ ಉಳಿದರೆ ಕಲಾವಿದರಿಗೆ ರಾತ್ರಿಯ ಪಗಾರವಿಲ್ಲ. ಟಿವಿ ಬಂದು ಅರ್ಧ ಜನರನ್ನು ಕರೆದೊಯ್ದಿತು, ಮೊಬೈಲು ಉಳಿದರ್ಧವನ್ನು ಕರೆದೊಯ್ಯುತ್ತಿದೆ. 2020, 2021ರ ಕೊರೊನಾ ದಿನಗಳಲ್ಲಂತೂ ಪರದೆ ಕಟ್ಟುವುದೇ ನಿಂತುಹೋಗಿತ್ತು. ಈ ಮಾತಿನಲ್ಲಿ ಸತ್ಯವಿದೆ. ಹೊಟ್ಟೆಯ ಸಂಕಟ ಇಂಥದ್ದಕ್ಕೆ ಕಾರಣವಾದೀತೇ ಹೊರತು ಪರವಾನಗಿಯಾಗಲಾರದು. ಟಿಕೆಟ್ ಕೊಂಡವರು ನಾವೇ ಆಗಿರುವಾಗ ಬರೀ ಅವರ ಕಡೆಗೆ ಬೆರಳು ತೋರಿಸುವುದೂ ನ್ಯಾಯವಲ್ಲ.

ಇಲ್ಲಿ ನಾವು ಒಂದು ವ್ಯತ್ಯಾಸ ಮಾಡಬೇಕೆನಿಸುತ್ತದೆ. ಹಸಿ ಮಾತು ಬೇರೆ, ಹೊಲಸು ಮನಸ್ಸು ಬೇರೆ. ನಮ್ಮ ಹಳ್ಳಿಯ ಆಡುಮಾತೇ ಹಸಿಯಾದದ್ದು. ಬೀಗರೂಟದಲ್ಲಿ, ಕಳೆ ತೆಗೆಯುವ ಸಾಲಿನಲ್ಲಿ ಮುತ್ತೈದೆಯರೇ ಆಡುವ ಚೇಷ್ಟೆಯ ಮಾತುಗಳನ್ನು ಯಾರೂ ಬರೆದು ಅಚ್ಚು ಹಾಕಿಸಲಾರರು. ಆದರೂ ಅಲ್ಲಿ ಯಾರೂ ಸಣ್ಣವರಾಗುವುದಿಲ್ಲ. ಮಾತು ಆಡಿದವರೂ ಆಡಿಸಿಕೊಂಡವರೂ ಕೂಡಿಯೇ ನಗುತ್ತಾರೆ. ನಾಟಕದಲ್ಲೂ ಜಿಪುಣ ಸಾಹುಕಾರನ ಮೇಲೆ, ಮುದಿವಯಸ್ಸಿನಲ್ಲಿ ಎಳೆಯ ಹೆಣ್ಣನ್ನು ಮದುವೆಯಾಗಲು ಹೊರಟ ಮುದುಕನ ಮೇಲೆ ಬೀಳುವ ಹಸಿ ಮಾತಿಗೆ ಒಂದು ಕೆಲಸವಿದೆ. ಅದು ಮೇಲೆ ಕುಳಿತವನನ್ನು ಕೆಳಗಿಳಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ಹಾಸ್ಯವಿದೆ. ಅದರಲ್ಲಿ ಒಂದೇ ಒಂದು ಕೆಟ್ಟ ಶಬ್ದ ಇರುವುದಿಲ್ಲ. ತೊದಲುವವನನ್ನು ತೊದಲಿಸುವುದು, ಕಪ್ಪು ಹುಡುಗಿಯನ್ನು ನೋಡಿ ದೀಪ ತರಲು ಹೇಳುವುದು, ದಪ್ಪಗಿರುವ ಹೆಂಗಸು ಬಂದೊಡನೆ ವೇದಿಕೆ ಅಲುಗಾಡಿದಂತೆ ನಟಿಸುವುದು, ಗಂಡಸು ಹೆಣ್ಣಿನ ಹಾಗೆ ನಡೆದರೆ ಎಲ್ಲರೂ ಸೇರಿ ಅಟ್ಟಿಸಿಕೊಂಡು ಹೋಗುವುದು, ಮಕ್ಕಳಿಲ್ಲದವಳನ್ನು, ವಿಧವೆಯನ್ನು ಅಪಶಕುನ ಮಾಡಿ ನಗಿಸುವುದು. ದ್ವಂದ್ವಾರ್ಥ ಕೇಳಿ ಎದ್ದು ಹೋಗುವ ಹಿರಿಯರು ಇದನ್ನು ಕೇಳುತ್ತಾ ಆರಾಮವಾಗಿ ಕುಳಿತಿರುತ್ತಾರೆ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುತ್ತಾರೆ. ಮರುದಿನ ಆ ಮಕ್ಕಳು ಶಾಲೆಯ ಅಂಗಳದಲ್ಲಿ ತೊದಲುವ ಗೆಳೆಯನಿಗೆ ಆ ನಾಟಕವನ್ನೇ ಆಡಿ ತೋರಿಸುತ್ತಾರೆ. ಯಾವ ನಾಟಕ ಮಕ್ಕಳನ್ನು ಕೆಡಿಸಿತು ಎಂದು ಲೆಕ್ಕ ಹಾಕುವಾಗ ನಾವು ಇದನ್ನು ಹಿಡಿಯುವುದೇ ಇಲ್ಲ.

ಈ ಅಳತೆಗೋಲನ್ನು ನಮ್ಮ ಜನ ತುಂಬ ಮೆಚ್ಚಿದ ಮೂರು ಕೃತಿಗಳ ಮೇಲೆ ಇಟ್ಟು ನೋಡಬಹುದು.

ಮೊದಲನೆಯದು ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲ ಸೀಮೆಯಲ್ಲಿ ನಡೆದ ಕೊಲೆಯೊಂದರ ಮೇಲೆ ಕಟ್ಟಿದ್ದೆಂದು ಜನ ನಂಬಿರುವ ಈ ಸಣ್ಣಾಟ ಪತ್ತಾರ ಮಾಸ್ತರರ ಹೆಸರಿನೊಂದಿಗೆ ಪ್ರಚಲಿತವಾಗಿದೆ. ಚಂದ್ರಶೇಖರ ಕಂಬಾರರ ಮೂಲಕ ಓದುವ ಜನರಿಗೂ ತಲುಪಿದೆ. ಕತೆ ಎಲ್ಲರಿಗೂ ಗೊತ್ತು. ಸಂಗ್ಯಾ ಪರರ ಹೆಂಡತಿ ಗಂಗಿಗೆ ಮನಸೋಲುತ್ತಾನೆ, ಮುದುಕಿಯೊಬ್ಬಳ ಮಧ್ಯಸ್ತಿಕೆಯಿಂದ ಸಂಬಂಧ ಬೆಳೆಯುತ್ತದೆ, ಗುಟ್ಟು ರಟ್ಟಾಗುತ್ತದೆ, ಕೊನೆಗೆ ಜೀವದ ಗೆಳೆಯ ಬಾಳ್ಯಾನೇ ಅವನನ್ನು ಕೊಲೆಗಾರರ ಕೈಗೆ ಒಪ್ಪಿಸುವಂತಾಗುತ್ತದೆ. ನೀತಿ ಪಾಠದ ಪ್ರಕಾರ ಸಂಗ್ಯಾ ತಪ್ಪು ಮಾಡಿದವನು, ಶಿಕ್ಷೆ ಆಯಿತು, ಆಟ ಮುಗಿಯಿತು. ಆದರೆ ಬಯಲಿನಲ್ಲಿ ಕುಳಿತ ಜನ ಅಳುವುದು ಸಂಗ್ಯಾನಿಗಾಗಿ. ಶಾಪ ಹಾಕುವುದು ಬಾಳ್ಯಾನಿಗೆ. ವ್ಯಭಿಚಾರಕ್ಕಿಂತ ಗೆಳೆತನದ ದ್ರೋಹ ದೊಡ್ಡ ಪಾಪವೆಂದು ಆ ಜನ ಒಂದು ಮಾತೂ ಆಡದೆ ತೀರ್ಮಾನಿಸಿದ್ದಾರೆ. ಇದನ್ನು ಒಪ್ಪುವುದೋ ಬಿಡುವುದೋ ಬೇರೆ ಮಾತು. ಅನಕ್ಷರಸ್ಥ ಪ್ರೇಕ್ಷಕ ಬರೀ ಮೋಜಿಗೆ ಬಂದಿದ್ದಾನೆ ಎಂದು ಹೇಳುವವರು ಈ ತೀರ್ಮಾನವನ್ನು ಗಮನಿಸಬೇಕು. ಗೆಳೆಯ ತಪ್ಪು ದಾರಿ ಹಿಡಿದಾಗ ಮುಚ್ಚಿಡಬೇಕೋ ಹೇಳಿಬಿಡಬೇಕೋ, ಹೇಳಿದರೆ ಯಾರಿಗೆ, ಯಾವ ಬೆಲೆಗೆ ಎಂಬ ಪ್ರಶ್ನೆ ಯಾವ ಪ್ರವಚನಕ್ಕೂ ಕಡಿಮೆಯಾದದ್ದಲ್ಲ.

ಆದರೆ ಇದೇ ಆಟದ ಹೆಸರನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಎರಡು ಹೆಸರುಗಳಿವೆ, ಎರಡೂ ಗಂಡಸರವು. ಇಡೀ ಕತೆ ಯಾರ ಸುತ್ತ ತಿರುಗುತ್ತದೋ ಆ ಗಂಗಿ ಹೆಸರಿನಲ್ಲಿಲ್ಲ. ಸಂಗ್ಯಾನ ಸಾವಿಗೆ ಕಣ್ಣೀರಿದೆ, ಬಾಳ್ಯಾನ ತಳಮಳಕ್ಕೆ ಪದಗಳಿವೆ. ಅವರಿಬ್ಬರ ಕತೆ ಮುಗಿದ ಮೇಲೆ ಆ ಹೆಣ್ಣಿನ ಬಾಳು ಏನಾಯಿತೆಂದು ಮನೆಗೆ ಹೋಗುತ್ತ ದಾರಿಯಲ್ಲಿ ಮಾತಾಡುವವರು ಕಡಿಮೆ. ನಮ್ಮ ಅತ್ಯಂತ ಕರುಣಾಳು ಆಟದ ಕರುಣೆಗೂ ಒಂದು ಮೇರೆಯಿದೆ. ಆ ಮೇರೆಯನ್ನು ಹಾಕಿದವರು ಬರೀ ಮಾಸ್ತರರಲ್ಲ. ನೋಡುವ ನಾವೂ ಕೂಡಿ ಹಾಕಿದ್ದು ಅದು.

ಎರಡನೆಯದು ‘ಸಂಪತ್ತಿಗೆ ಸವಾಲ್’. ಇದನ್ನು ಬರೆದ ಪಿ.ಬಿ. ಧುತ್ತರಗಿಯವರು ನಮಗೆ ದೂರದವರಲ್ಲ, ಹುನಗುಂದ ಸೀಮೆಯ ಸೂಳೇಬಾವಿಯವರು. ಎಷ್ಟು ಊರಿನಲ್ಲಿ ಎಷ್ಟು ಸಲ ಈ ನಾಟಕವಾಗಿದೆಯೆಂದು ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. 1974ರಲ್ಲಿ ಎ.ವಿ. ಶೇಷಗಿರಿರಾವ್ ಅವರ ನಿರ್ದೇಶನದಲ್ಲಿ, ರಾಜಕುಮಾರ್ ಮತ್ತು ಮಂಜುಳಾ ಅಭಿನಯದಲ್ಲಿ ಇದು ಸಿನಿಮಾ ಆಯಿತು. ಎಮ್ಮೆಯ ಮೇಲೆ ಕುಳಿತು ರಾಜಕುಮಾರ್ ತಾವೇ ಹಾಡಿದ ಆ ಹಾಡನ್ನು ನೆನಪಿಸಿಕೊಳ್ಳದ ಕನ್ನಡಿಗರಿಲ್ಲ. ಬಡವನೊಬ್ಬ ಶ್ರೀಮಂತರ ಸೊಕ್ಕಿಗೆ ತಲೆಬಾಗದೆ ನಿಲ್ಲುವುದು ಕತೆಯ ಜೀವ.

ಒಕ್ಕಲುತನದ ಜನರಿಗೆ ಈ ಕತೆ ಯಾಕೆ ಅಷ್ಟು ಹಿಡಿಸಿತೆಂದು ಕೇಳಬೇಕಾಗಿಲ್ಲ. ಮಲಪ್ರಭೆಯ ನೀರಾವರಿ ಕರದ ಹೊರೆಯ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಎದ್ದರು, ಗುಂಡು ಹಾರಿತು, ಜೀವಗಳು ಹೋದವು. ರಾಜ್ಯದ ರೈತ ಚಳವಳಿಗೆ ಅದು ದಾರಿಯಾಯಿತು. ನಾಟಕ ನೋಡಿ ಬಂಡಾಯ ಹುಟ್ಟಿತೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಹೊಟ್ಟೆ ಉರಿದಾಗ ಜನ ಏಳುತ್ತಾರೆ. ಆದರೆ ಅನ್ಯಾಯ ಕಂಡಾಗ ಎದ್ದು ನಿಲ್ಲುವವನು ಹುಚ್ಚನಲ್ಲ, ಅವನೇ ನಾಯಕ ಎಂಬ ಭಾವನೆಯನ್ನು ಈ ಸೀಮೆಯ ಜನರ ಎದೆಯಲ್ಲಿ ಹಸಿರಾಗಿಟ್ಟ ಹಲವು ಸಂಗತಿಗಳಲ್ಲಿ ಇಂಥ ನಾಟಕಗಳೂ ಸೇರಿವೆ ಎಂದರೆ ಅತಿಶಯೋಕ್ತಿಯಾಗದು.

ಇಲ್ಲಿಯೂ ಇನ್ನೊಂದು ಮಗ್ಗುಲಿದೆ. ಈ ಕತೆಯಲ್ಲಿ, ಇದರ ಅಚ್ಚಿನಲ್ಲಿ ಎರಕ ಹೊಯ್ದ ನೂರಾರು ನಾಟಕಗಳಲ್ಲಿ, ಸಂಪತ್ತಿಗೆ ಹಾಕಿದ ಸವಾಲು ಅರ್ಧ ದಾರಿಯಲ್ಲಿ ಹೆಣ್ಣಿಗೆ ಹಾಕಿದ ಸವಾಲಾಗುತ್ತದೆ. ಸಾಹುಕಾರನ ಸೊಕ್ಕು ಮುರಿಯಲು ಹೊರಟ ನಾಯಕ ಸಾಹುಕಾರನ ಮಗಳ ಸೊಕ್ಕನ್ನು ಮುರಿಯುತ್ತಾನೆ. ಜಂಬದ ಹುಡುಗಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಲು ಕಲಿತಾಗ, ಕಪಾಳಕ್ಕೆ ಒಂದು ಏಟು ಬಿದ್ದಾಗ, ಸೀಟಿಯ ಮೇಲೆ ಸೀಟಿ. ಹೊಲ ಮಾತ್ರ ಸಾಹುಕಾರನ ಹೆಸರಿನಲ್ಲೇ ಉಳಿದಿರುತ್ತದೆ. ಬಡತನದ ಸಿಟ್ಟು ತನಗೆ ಸುಲಭವಾಗಿ ಸಿಕ್ಕ ಬೆನ್ನಿನ ಮೇಲೆ ಇಳಿದು ತಣ್ಣಗಾಗುತ್ತದೆ. ಇದರಲ್ಲಿ ಒಂದೂ ದ್ವಂದ್ವಾರ್ಥವಿಲ್ಲ, ಕುಟುಂಬ ಸಮೇತ ನೋಡಬಹುದಾದ ನಾಟಕ ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ.

ಮೂರನೆಯದು ರಾಜು ತಾಳಿಕೋಟಿಯವರ ‘ಕಲಿಯುಗದ ಕುಡುಕ’. ರಾಜೇಸಾಬ ಎಂಬ ಮೂಲ ಹೆಸರಿನ ಈ ಕಲಾವಿದರು 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆಗ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ‘ಮನಸಾರೆ’ಯಂಥ ಸಿನಿಮಾಗಳಿಂದ ಬೆಂಗಳೂರು ಕಡೆಯವರು ಅವರನ್ನು ಗುರುತಿಸಿದರು. ನಮ್ಮ ಕಡೆಯವರಿಗೆ ಅವರು ಅದಕ್ಕೂ ಮುಂಚೆಯೇ ಕ್ಯಾಸೆಟ್ಟಿನ ದನಿಯಾಗಿ ಮನೆಮನೆಗೆ ಬಂದಿದ್ದರು. ಚಹಾದಂಗಡಿ, ಟಂಟಂ, ಹಿಟ್ಟಿನ ಗಿರಣಿ, ಎಲ್ಲಿ ಹೋದರೂ ಆ ಕುಡುಕನ ಮಾತು ಕೇಳುತ್ತಿತ್ತು. ಕೇಳಿ ಕೇಳಿ ಜನರಿಗೆ ಸಂಭಾಷಣೆಯೆಲ್ಲ ಬಾಯಿಪಾಠವಾಗಿತ್ತು.

ಈ ಕುಡುಕನ ಮೇಲೆ ನಾವು ನಕ್ಕೆವೋ, ಕುಡುಕನ ಜೊತೆಗೆ ನಕ್ಕೆವೋ? ನಮಗನಿಸುವಂತೆ ಎರಡೂ ನಿಜ. ಪ್ರಜ್ಞೆ ಇದ್ದವರು ಆಡಲಾಗದ ಸತ್ಯವನ್ನು ಕುಡುಕ ಆಡುತ್ತಾನೆ; ಗೌಡನಿಗೂ ಗಂಜಿಲ್ಲದವನಿಗೂ ಒಂದೇ ಮಾತು. ಹಿಂದಿನ ಕಾಲದ ವಿದೂಷಕ ಮಾಡುತ್ತಿದ್ದ ಕೆಲಸ ಇದು. ಆ ದನಿಯಲ್ಲಿ ತಾಳಿಕೋಟಿಯವರಿಗೆ ಇದ್ದ ಹಿಡಿತ, ಮಾತಿನ ನಡುವೆ ಅವರು ಬಿಡುತ್ತಿದ್ದ ಮೌನ, ದೊಡ್ಡ ನಟರಿಗೇ ದಕ್ಕುವಂಥದ್ದು. ಆದರೆ ಅದೇ ಕ್ಯಾಸೆಟ್ಟನ್ನು ನಿಜವಾದ ಕುಡುಕನಿದ್ದ ಮನೆಯಲ್ಲಿ ಹಚ್ಚಿದಾಗ ಏನಾಗುತ್ತಿತ್ತು? ಪಗಾರದ ದಿನ ಗಂಡನ ದಾರಿ ಕಾಯುತ್ತ ಕುಳಿತ ಹೆಂಗಸಿಗೆ ಆ ತೂರಾಟ ಹಾಸ್ಯವಾಗಿ ಕಾಣುತ್ತಿತ್ತೇ? ಅವಳೂ ನಗುತ್ತಿದ್ದಳೆನ್ನುವುದು ಸತ್ಯ. ಕೆಲವರು ದುಃಖವನ್ನು ಹಗುರ ಮಾಡಿಕೊಳ್ಳಲು ನಗುತ್ತಾರೆ, ಕೆಲವರು ಅದು ತಮ್ಮದಲ್ಲವೆಂದು ತೋರಿಸಲು ನಗುತ್ತಾರೆ. ಒಂದೇ ನಗೆಯ ಮಾತು ಚಹಾದಂಗಡಿಯಲ್ಲಿ ಒಂದು ಅರ್ಥ ಕೊಟ್ಟರೆ ಆ ಮನೆಯ ಅಡುಗೆ ಕೋಣೆಯಲ್ಲಿ ಇನ್ನೊಂದು ಅರ್ಥ ಕೊಡುತ್ತದೆ. ಕಲಾವಿದ ಇವೆರಡನ್ನೂ ತೂಗಿ ನೋಡಲಾರ. ಕೇಳುವವರು ತೂಗಬೇಕು.

ತಾಳಿಕೋಟಿಯವರ ಹೆಸರು ಬಂದಾಗ ಇನ್ನೊಂದು ಮಾತು ಹೇಳಬೇಕು. ಅವರ ಮನೆತನದ ಕಂಪನಿಯ ಹೆಸರು ಖಾಸ್ಗತೇಶ್ವರ ನಾಟ್ಯ ಸಂಘ. ಮುಸ್ಲಿಂ ಕುಟುಂಬವೊಂದು ತಾಳಿಕೋಟೆಯ ಮಠದ ಗುರುವಿನ ಹೆಸರಿನಲ್ಲಿ ಪರದೆ ಕಟ್ಟಿ ಹೊಟ್ಟೆ ಹೊರೆಯುವುದು ಈ ಭಾಗದಲ್ಲಿ ಯಾರಿಗೂ ಸೋಜಿಗವೆನಿಸಲಿಲ್ಲ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ರಂಗಭೂಮಿಯಿಂದ ಹಿಂದಿ ಸಿನಿಮಾದವರೆಗೆ ಹೋದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಬಣ್ಣ ಹಚ್ಚಿದರು. ಆ ಜೀವನವನ್ನು ರಹಮತ್ ತರೀಕೆರೆಯವರು ಪುಸ್ತಕವಾಗಿ ನಮ್ಮ ಮುಂದಿಟ್ಟಿದ್ದಾರೆ. ಈ ರಂಗಭೂಮಿಯನ್ನು ಕಟ್ಟಿದ ಕೈಗಳಲ್ಲಿ ಎಲ್ಲ ಓಣಿಗಳ ಕೈಗಳೂ ಇವೆ.

ಹಾಗಿರುವಾಗ ಇದೇ ವೇದಿಕೆಯ ಮೇಲೆ ಬರುವ ‘ಸಾಬಿ’ಯ ಪಾತ್ರದ ಬಗ್ಗೆ ಸುಮ್ಮನಿರುವುದು ಸರಿಯಲ್ಲ. ಅವನನ್ನು ಎಲ್ಲರೂ ನೋಡಿದ್ದೇವೆ. ಲುಂಗಿ, ಬನಿಯನ್, ತಲೆಗೊಂದು ಟೋಪಿ. ಹೋಗುತ್ತಾಳೆ ಎನ್ನುವಲ್ಲಿ ಹೋಗುತ್ತಾನೆ ಎನ್ನಬೇಕು, ವಾಕ್ಯಕ್ಕೊಂದು ‘ಅರೇ’ ಸೇರಿಸಬೇಕು; ಪಾತ್ರ ಸಿದ್ಧ. ನಾಟಕದಿಂದ ಸಿನಿಮಾಕ್ಕೆ, ಸಿನಿಮಾದಿಂದ ಟಿವಿಯ ಹಾಸ್ಯ ಕಾರ್ಯಕ್ರಮಕ್ಕೆ ಅವನು ಬಟ್ಟೆಯನ್ನೂ ಬದಲಿಸದೆ ನಡೆದು ಬಂದಿದ್ದಾನೆ. ಪ್ರೇಕ್ಷಕರಲ್ಲಿ ಸಾಬರ ಓಣಿಯವರೂ ನಗುತ್ತಾರೆ. ನಮ್ಮ ಮನೆಯ ಅಜ್ಜನ ಮಾತಿನ ಧಾಟಿ ವೇದಿಕೆಯ ಮೇಲೆ ಕೇಳಿದರೆ ಖುಷಿಯಾಗುವುದು ಸಹಜ.

ಇಲ್ಲಿ ನಾವು ಬಹಳ ಸೂಕ್ಷ್ಮವಾದ ಚರ್ಮದವರಾಗಬೇಕಿಲ್ಲ. ಒಂದು ನಾಟಕದಲ್ಲಿ ಅದೇ ಸಾಬಿ ಎಲ್ಲರಿಗಿಂತ ಚುರುಕಾದ ಉತ್ತರ ಕೊಡುತ್ತಾನೆ, ಗೌಡನ ಮೋಸವನ್ನು ಮೊದಲು ಹಿಡಿಯುವವನು ಅವನೇ ಆಗಿರುತ್ತಾನೆ, ಕೊನೆಗೆ ಅನಾಥ ಹುಡುಗಿಯನ್ನು ಮಗಳೆಂದು ಮನೆಗೆ ಕರೆದೊಯ್ಯುತ್ತಾನೆ. ಅವನ ಕನ್ನಡ ಒಡೆದಿದ್ದರೂ ಅವನು ಒಡೆದವನಲ್ಲ. ಇನ್ನೊಂದು ನಾಟಕದಲ್ಲಿ ಒಡೆದ ಕನ್ನಡದ ಹೊರತು ಅವನಿಗೆ ಬೇರೇನೂ ಇಲ್ಲ. ಬಂದ, ತಪ್ಪು ಮಾತಾಡಿದ, ಹೋದ. ಮೊದಲನೆಯದು ಅಕ್ಕಪಕ್ಕದ ಮನೆಯವರ ಚೇಷ್ಟೆ. ಎರಡನೆಯದು ಬಾಗಿಲ ಹೊರಗೆ ನಿಲ್ಲಿಸಿ ಆಡುವ ಮಾತು. ಶಿಶುನಾಳ ಷರೀಫರ ಪದಗಳನ್ನು ಹಾಡುವ, ತಾಳಿಕೋಟಿಯವರ ಕನ್ನಡಕ್ಕೆ ಚಪ್ಪಾಳೆ ಹೊಡೆದ ಜನಕ್ಕೆ, ಮುಸ್ಲಿಮನಿಗೆ ಕನ್ನಡ ಬಾರದೆಂಬುದು ಇನ್ನೂ ನಗೆಯ ವಸ್ತುವಾಗಿ ಉಳಿದಿರುವುದು ಸೋಜಿಗ. ಹೊರಗೆ ದಿನಗಳು ಬಿಸಿಯಾಗಿರುವಾಗ ಈ ವ್ಯತ್ಯಾಸಕ್ಕೆ ಬೆಲೆ ಹೆಚ್ಚು. ಇಂದು ನಕ್ಕು ಮರೆತ ಮಾತು ನಾಳೆ ಬೇರೆಯವರ ಬಾಯಲ್ಲಿ ನಗುವಿಲ್ಲದೆ ಹೊರಬರುವುದನ್ನು ನಾವು ನೋಡುತ್ತಿದ್ದೇವೆ.

ಇನ್ನು ವೇದಿಕೆಯ ಮೇಲೆ ಬರೆಯದೆ ನಡೆಯುವ ನಾಟಕವೊಂದಿದೆ. ಅದು ಆಯೇರಿ. ಹಳ್ಳಿಯ ನಾಟಕ ನಡೆದಿರುವಾಗಲೇ ನಿಲ್ಲಿಸಿ ಪಾತ್ರಧಾರಿಯ ಬೀಗರು, ಗೆಳೆಯರು ಮೇಲೆ ಬಂದು ಹಾರ, ಬಟ್ಟೆ, ಉಂಗುರ, ನೋಟು ಕೊಡುತ್ತಾರೆ. ಮೈಕಿನಲ್ಲಿ ಹೆಸರು ಕೂಗಲಾಗುತ್ತದೆ. ಸಾಯುತ್ತ ಬಿದ್ದಿದ್ದ ತಂದೆ ಎದ್ದು ಹಾರ ಹಾಕಿಸಿಕೊಂಡು ಮತ್ತೆ ಮಲಗಿ ಸಾಯುತ್ತಾನೆ. ಪೇಟೆಯವರಿಗೆ ಇದು ಅಪಹಾಸ್ಯ, ನಮಗೆ ಇದರಲ್ಲೊಂದು ಸೊಗಸು ಕಾಣುತ್ತದೆ. ವರ್ಷವಿಡೀ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕೂಲಿಯ ಮಗನಿಗೂ ಆ ರಾತ್ರಿ ಊರೆದುರು ಹೆಸರು ಕರೆಸಿಕೊಳ್ಳುವ ಯೋಗ ಬರುತ್ತದೆ.

ಆದರೆ ಇದೇ ಆಯೇರಿ ನಟಿಯ ಕಡೆ ತಿರುಗಿದಾಗ ರೂಪ ಬದಲಾಗುತ್ತದೆ. ನೋಟನ್ನು ಕೈಗೆ ಕೊಡದೆ ಸೆರಗಿಗೆ ಸಿಕ್ಕಿಸಲು ಹೋಗುವವರು, ಹಾಡಿಗೆ ಒನ್ಸ್ ಮೋರ್ ಕೂಗಿ ಜೊತೆಗೆ ಕುಣಿಯಲು ಹತ್ತುವವರು. ಆಕೆ ನಗುತ್ತಲೇ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾಳೆ. ಆ ಅರ್ಧ ಹೆಜ್ಜೆಯನ್ನು ಗಮನಿಸಿದವರಿಗೆ ಆಕೆಯ ವೃತ್ತಿ ಎಷ್ಟು ಕಷ್ಟದ್ದೆಂದು ತಿಳಿಯುತ್ತದೆ. ಹೆಚ್ಚಿನವರು ಮನೆಯ ಒಲೆ ಹೊತ್ತಿಸುವ ಹೊಣೆ ಹೊತ್ತವರು. ಒಂದು ಊರಿನಲ್ಲಿ ರಾತ್ರಿ ಆಡಿ, ನಸುಕಿನ ಬಸ್ಸಿನಲ್ಲಿ ಮುಖದ ಬಣ್ಣ ಪೂರ್ತಿ ಹೋಗದೆಯೇ ಇನ್ನೊಂದು ಊರಿಗೆ ಹೋಗುವವರು. ರಾತ್ರಿ ಸತಿ ಸಾವಿತ್ರಿಯಾಗಿ ಕೈಮುಗಿಸಿಕೊಂಡವಳಿಗೆ ಬೆಳಿಗ್ಗೆ ಅದೇ ಊರಿನಲ್ಲಿ ಕುಳಿತು ಚಹಾ ಕುಡಿಯಲು ಒಂದು ಮನೆ ಸಿಗುವುದು ಕಷ್ಟ. ನಾಟಕದಿಂದ ನೀತಿ ಕೆಟ್ಟಿತೆನ್ನುವವರು ವೇದಿಕೆಯ ಮೇಲೆ ಆಕೆ ಆಡಿದ ಮಾತನ್ನು ಎಣಿಸುತ್ತಾರೆ. ವೇದಿಕೆಯ ಕೆಳಗಿನಿಂದ ಆಕೆಗೆ ಹೋದ ಮಾತುಗಳನ್ನು ಎಣಿಸುವವರಿಲ್ಲ.

ಹಾಗಾದರೆ ಇದೆಲ್ಲವನ್ನೂ ನಿಲ್ಲಿಸಿಬಿಡುವುದೇ ಲೇಸಲ್ಲವೇ ಎಂದು ಕೇಳುವವರಿಗೆ ಈ ಸೀಮೆಯ ಚರಿತ್ರೆಯೇ ಉತ್ತರ ಕೊಡುತ್ತದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಹುಡುಗನೊಬ್ಬ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯ ಹಾಡು ಕೇಳಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿಹೋದ. ಅಂದಿನ ಯಾವ ಗೃಹಸ್ಥನನ್ನು ಕೇಳಿದ್ದರೂ ಹಾಡಿನ ಹುಚ್ಚು ಹುಡುಗನನ್ನು ಕೆಡಿಸಿತೆಂದೇ ಹೇಳುತ್ತಿದ್ದ. ಆ ಹುಡುಗ ಮುಂದೆ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಕುಂದಗೋಳದ ಮನೆಯಲ್ಲಿ ಕಲಿತು ಭೀಮಸೇನ ಜೋಶಿಯಾದರು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತು ಇನ್ನೂ ಹತ್ತಿರದ್ದು. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಆ ಆಶ್ರಮಕ್ಕೆ ತನ್ನದೇ ನಾಟಕ ಕಂಪನಿ ಇತ್ತು. ಸ್ವತಃ ಕಣ್ಣಿಲ್ಲದ ಪುಟ್ಟರಾಜರು ನಾಟಕ ಬರೆದರು. ಆ ಟಿಕೆಟ್ಟಿನ ದುಡ್ಡು ಅಂಧ ಮಕ್ಕಳ ಅನ್ನಕ್ಕೆ ಹೋಯಿತು. ನಾಟಕವೆಂದರೆ ಅನೀತಿ ಎನ್ನುವವರು ಈ ಅನ್ನವನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ?

ಅಂದಮೇಲೆ ಪ್ರಶ್ನೆ ಮನರಂಜನೆ ಬೇಕೋ ಬೇಡವೋ ಎಂಬುದಲ್ಲ. ಅದನ್ನು ನಾವು ಹೇಗೆ ನೋಡುತ್ತೇವೆ ಎಂಬುದು. ಈಗ ಈ ಪ್ರಶ್ನೆಗೆ ಹೊಸ ತೊಡಕೊಂದು ಬಂದಿದೆ. ತಗಡಿನ ಥಿಯೇಟರಿನಲ್ಲಿ ಹಾಸ್ಯದ ಜೋಡಿ ಹೋದ ಮೇಲೆ ತಾಯಿಯ ಅಳು ಇರುತ್ತಿತ್ತು, ಖಳನಾಯಕನ ಪಶ್ಚಾತ್ತಾಪ ಇರುತ್ತಿತ್ತು. ಪಕ್ಕದ ಖುರ್ಚಿಯಲ್ಲಿ ಸೋದರಮಾವ ಇರುತ್ತಿದ್ದ, ಹಿಂದೆ ಓಣಿಯ ಹೆಂಗಸರಿರುತ್ತಿದ್ದರು. ಅತಿಯಾದ ಮಾತು ಬಂದಾಗ ಯಾರಾದರೂ ಗಂಟಲು ಕೆರೆಯುತ್ತಿದ್ದರು, ವ್ಯವಸ್ಥಾಪಕನ ಕಿವಿಗೆ ಅದು ಬೀಳುತ್ತಿತ್ತು. ಮೊಬೈಲಿಗೆ ಬರುವುದು ಹಾಸ್ಯದ ತುಂಡು ಮಾತ್ರ. ಮುಂದಿನ ಅಳು ಕತ್ತರಿಸಿ ಹೋಗಿರುತ್ತದೆ. ನೋಡುವವನೂ ಒಬ್ಬನೇ, ಕಿವಿಗೆ ಇಯರ್‌ಫೋನು. ಹತ್ತು ವರ್ಷದ ಹುಡುಗನೂ ಹಾಗೆಯೇ ಒಬ್ಬನೇ ನೋಡುತ್ತಾನೆ. ಜಾತ್ರೆಯ ನಾಟಕವನ್ನು ಬೈಯ್ಯುವ ಮನೆಗಳಲ್ಲೇ ಇದು ನಡೆದಿದೆ. ನಮ್ಮ ಹಿರಿಯರ ಕಾವಲು ಇನ್ನೂ ಥಿಯೇಟರಿನ ಬಾಗಿಲಲ್ಲೇ ನಿಂತಿದೆ, ಕಾಯಬೇಕಾದದ್ದು ಜೇಬಿನೊಳಗಿದೆ.

ನಿಷೇಧದ ಫಲಕದಿಂದ ಇದು ಸರಿಹೋಗದು. ನಾಟಕ ನೋಡಿ ಬರುವ ದಾರಿಯಲ್ಲಿ ಮಾತಾಡುವ ಹಳೆಯ ರೂಢಿಯನ್ನು ಉಳಿಸಿಕೊಳ್ಳುವುದು ಮೇಲು. ಆ ಮಾತಿಗೆ ಎರಡು ಪ್ರಶ್ನೆಗಳನ್ನು ಸೇರಿಸಿದರೆ ಸಾಕು. ಎಲ್ಲರೂ ನಕ್ಕಾಗ ನಗಲಾರದೆ ಕುಳಿತವರು ಯಾರಿದ್ದರು? ಎಲ್ಲರೂ ಅತ್ತಾಗ ಯಾರ ಪಾಲಿನ ಕಣ್ಣೀರು ಬಾಕಿ ಉಳಿಯಿತು? ಸಂಗ್ಯಾನ ಆಟದಿಂದ ಬರುವಾಗ ಒಬ್ಬರಾದರೂ ಗಂಗಿಯ ಗತಿ ಏನಾಯಿತೆಂದು ಕೇಳಿದರೆ, ಮಾಸ್ತರರು ಬರೆಯದೆ ಬಿಟ್ಟ ಪದ ಅಲ್ಲಿ ಹುಟ್ಟುತ್ತದೆ. ಒಳ್ಳೆಯ ನಾಟಕ ಇದನ್ನು ತಡೆದುಕೊಳ್ಳುತ್ತದೆ, ಇನ್ನಷ್ಟು ಪ್ರಿಯವಾಗುತ್ತದೆ. ತಡೆದುಕೊಳ್ಳಲಾರದ್ದನ್ನು ಯಾರೂ ಬಂದ್ ಮಾಡಿಸಬೇಕಾಗಿಲ್ಲ, ನಗು ತಾನಾಗಿಯೇ ಕಡಿಮೆಯಾಗುತ್ತದೆ.

ಕಂಪನಿಗಳು ನಮ್ಮ ಚಪ್ಪಾಳೆಯನ್ನು ನೋಡಿ ಮುಂದಿನ ನಾಟಕ ಬರೆಸುತ್ತವೆ. ಮುಂದಿನ ಬನದ ಹುಣ್ಣಿಮೆಗೂ ಬನಶಂಕರಿಯಲ್ಲಿ ಪರದೆ ಮೇಲೇಳುತ್ತದೆ, ನಮ್ಮೂರುಗಳಿಂದ ಬಂಡಿ ತುಂಬ ಜನ ಹೋಗುತ್ತಾರೆ. ಹೋಗಲಿ, ಹೊಟ್ಟೆ ತುಂಬ ನಗಲಿ. ಕೈ ತಟ್ಟುವ ಮುನ್ನ ಪಕ್ಕದಲ್ಲಿ ಕುಳಿತವರ ಮುಖವನ್ನು ಒಮ್ಮೆ ನೋಡಿದರೆ ಸಾಕು.